ಮುಳ್ಳಿನ ಜ್ವರ

ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ವಾಸವಾಗಿರುವ ನನ್ನ ದೊಡ್ಡಪ್ಪನವರಿಗೆ ದೇವರಲ್ಲಿ ಭಕ್ತಿ, ಮನುಷ್ಯರಲ್ಲಿ ಸಂಶಯ, ತಮ್ಮ ವೃದ್ಧ ಟ್ರ್ಯಾಕ್ಟರಿನ ಟೆಂಪರೇಚರ್ ಮೀಟರಿನಲ್ಲಿ ಅಚಲವಾದ ವಿಶ್ವಾಸ. ಆದುದರಿಂದ ಅದರ ಮುಳ್ಳು ಒಂದು ದಿನ ಕೆಂಪು ಪಟ್ಟಿಯನ್ನೇರಿ ಅಲ್ಲಿಯೇ ಪದ್ಮಾಸನ ಹಾಕಿದಾಗ, ಕೋಲಾರದ ಮಂಡಿಗೆ ಹೊರಡಬೇಕಾಗಿದ್ದ ಟೊಮೆಟೊ ಕ್ರೇಟುಗಳು ಟ್ರೈಲರಿನಲ್ಲಿಯೇ ಉಳಿದು, ಎಂಜಿನ್ನಿಗೆ ಚಿಕಿತ್ಸೆ ಆರಂಭವಾಯಿತು.

ಈ ಸೀಮೆಯ ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನ ನಾಳಗಳಲ್ಲಿ ಸುಣ್ಣ ಕಟ್ಟುವುದು ಸರ್ವವಿದಿತವಾದುದರಿಂದ ಪ್ರಥಮತಃ ರೇಡಿಯೇಟರಿನ ಶುದ್ಧಿಯಾಯಿತು; ಬಳಿಕ ಫ್ಯಾನ್ ಬೆಲ್ಟು ಬಿಗಿಯಾಯಿತು; ಕುರುಡುಮಲೆಯ ಗಣಪತಿಗೆ ಹರಕೆಯೂ ಆಯಿತು; ಅನಂತರ ಮಾಲೂರಿನಿಂದ ಬಂದಿದ್ದ ಬೀಗರ ಸಲಹೆಯಂತೆ ಥರ್ಮೋಸ್ಟಾಟ್ ವಾಲ್ವನ್ನು ಬಿಚ್ಚಿ, ದೊಡ್ಡಮ್ಮನವರು ಹಾಲು ಕಾಯಿಸುವ ಪಾತ್ರೆಯಲ್ಲಿ, ಅವರ ಸಮ್ಮತಿಯ ಗೋಜಿಗೆ ಹೋಗದೆ, ಕುದಿಸಲಾಯಿತು. ನೀರು ಕುದಿಯುವುದಕ್ಕೆ ಮೊದಲೇ ವಾಲ್ವು ನಿರ್ದೋಷಿಯಂತೆ ಬಾಯಿ ತೆರೆಯಿತು; ದೊಡ್ಡಮ್ಮನವರೂ ತೆರೆದರು. ಜೊತೆಯಲ್ಲಿ ಅದ್ದಿದ್ದ ಥರ್ಮಾಮೀಟರು 97 ಡಿಗ್ರಿಯಲ್ಲಿ ನಿಂತುದನ್ನು ಕಂಡ ದೊಡ್ಡಪ್ಪನವರು, ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ನೀರು ಕುದಿಯುವುದೇ ಅಷ್ಟಕ್ಕೆಂದು ನಾನೆಷ್ಟು ನಿವೇದಿಸಿದರೂ ಕೇಳದೆ, ಆ ಗಾಜಿನ ಕೊಳವೆಯನ್ನೇ ಸುಳ್ಳುಗಾರನೆಂದು ತೀರ್ಮಾನಿಸಿದರು. ಮುಳ್ಳಿನ ಮೇಲೆ ಮಾತ್ರ ಅಪವಾದ ಹೊರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಕಡೆಗೆ ಮುಳಬಾಗಿಲಿನಿಂದ ಬಂದ ಮೆಕ್ಯಾನಿಕ್ಕು ಎಂಜಿನ್ನನ್ನು ಮುಟ್ಟದೆಯೇ ಕೇಳಿದನು: "ಬೆಳಗ್ಗೆ ಗಾಡಿ ತಣ್ಣಗಿರೋವಾಗ ಕೀ ಕೊಟ್ರೆ ಮುಳ್ಳು ಎಲ್ಲಿರ್ತದೆ ಸ್ವಾಮಿ?"

"ಕೆಂಪಲ್ಲೇ ಕಣಪ್ಪ. ರಾತ್ರಿಯೆಲ್ಲಾ ಆರಿದ್ರೂ ಇಳಿಯಲ್ಲ, ಅಷ್ಟು ಕಾವು!"

ಆತನು ನಗಲಿಲ್ಲ, ವೃತ್ತಿಗೌರವವುಳ್ಳವನು. ಇಂಥ ಮೀಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರು ಎಂಜಿನ್ನಿನ ನೀರಿನಲ್ಲಿ ಮುಳುಗಿದ್ದು, ಕಾವೇರಿದಷ್ಟೂ ತನ್ನ ರೋಧವನ್ನು ತಗ್ಗಿಸಿಕೊಂಡು, ಹೆಚ್ಚು ಕರೆಂಟು ಹರಿಯಗೊಟ್ಟು ಮುಳ್ಳನ್ನೇರಿಸುತ್ತದೆ. ಅದರ ವೈರನ್ನು ಕಳಚಿದರೆ ಮುಳ್ಳು ತಣ್ಣನೆಯ ತುದಿಗೆ ಬೀಳಬೇಕು, ಆ ವೈರನ್ನೇ ಎಂಜಿನ್ನಿನ ಮೈಗೆ ತಾಗಿಸಿದರೆ ಕೆಂಪಿಗೆ ಏರಬೇಕು. ಆತನು ಕಳಚಿದನು, ಮುಳ್ಳು ಅಲುಗಲಿಲ್ಲ. ಮೀಟರಿನ ಬೆನ್ನಿನಲ್ಲಿಯೂ ವೈರನ್ನು ಕಳಚಿದನು, ಬಿದ್ದಿತು. ಮೀಟರಿಗೂ ಸೆನ್ಸರಿಗೂ ನಡುವೆ, ಬಾನೆಟ್ಟಿನ ಅಂಚಿಗೆ ಉಜ್ಜಿ ತೊಗಲು ಸುಲಿದುಕೊಂಡಿದ್ದ ವೈರು ಕಬ್ಬಿಣಕ್ಕೆ ತಾಗಿ ಅರ್ತ್ ಆಗಿದ್ದಿತು. ಅಂಗುಲದಷ್ಟು ಕಪ್ಪು ಟೇಪು ಸುತ್ತಿ ವೈರನ್ನು ಸೇರಿಸಿದಲ್ಲಿಗೆ ಚಿಕಿತ್ಸೆ ಸಮಾಪ್ತವಾಯಿತು.

ದೊಡ್ಡಪ್ಪನವರು ಸ್ವಲ್ಪ ಹೊತ್ತು ಗಾಡಿ ಓಡಿಸಿ, ನಟ್ಟನಡುವೆ ನಿಂತ ಮುಳ್ಳನ್ನು ಸುದೀರ್ಘವಾಗಿ ಅವಲೋಕಿಸಿ, "ಈ ಬಿಸಿಲಲ್ಲೂ ಮೇಲಕ್ಕೇಳ್ತಿಲ್ವಲ್ಲಪ್ಪ, ಮೀಟ್ರು ಕೆಟ್ಟೋಗಿರ್ಬೇಕು" ಎಂದರು.