ಹುಲಿಯ ಬಾಲವೂ ರಾ ಫೈಲೂ

ನಾಗರಹೊಳೆಯ ದಮ್ಮನಕಟ್ಟೆಯಲ್ಲಿ ಸಫಾರಿ ಮುಗಿಸಿ ಇಳಿಯುವವರನ್ನು ನೋಡುತ್ತ ಕೂರುವುದು ಎಷ್ಟೋ ಸಲ ಸಫಾರಿಗಿಂತ ಒಳ್ಳೆಯ ಮನರಂಜನೆ. ಹುಲಿ ಕಂಡವರು ಕ್ಯಾಮೆರಾದ ಪರದೆಗೆ ಮೂಗು ಹಚ್ಚಿಕೊಂಡೇ ಇಳಿಯುತ್ತಾರೆ. ಕಾಣದವರು ಡ್ರೈವರನ್ನು ದುರುಗುಟ್ಟಿಕೊಂಡು ಇಳಿಯುತ್ತಾರೆ, ಹುಲಿಯನ್ನು ಅವನೇ ಜೇಬಿನಲ್ಲಿ ಬಚ್ಚಿಟ್ಟಿರುವವನ ಹಾಗೆ. ಆದರೆ ಚಿಂತೆ ಹೆಚ್ಚು ಮೊದಲನೆಯವರಿಗೇ. ಸೆಕೆಂಡಿಗೆ 20 ಚಿತ್ರ ಹೊಡೆಯುವ ಕ್ಯಾಮೆರಾ, ಒಂದೊಂದು ರಾ ಫೈಲೂ ನಲವತ್ತೈವತ್ತು ಎಂಬಿ. ಹುಲಿ ದಾರಿ ದಾಟಿದ್ದು ಅರ್ಧ ನಿಮಿಷದಲ್ಲಿ. ಮನೆಗೆ ಹೊತ್ತೊಯ್ಯಬೇಕಾದದ್ದು ಇಪ್ಪತ್ತೈದು ಜಿಬಿ. ಅದರಲ್ಲಿ ಮುಕ್ಕಾಲು ಪಾಲು ಬಾಲ.

"ಇಷ್ಟನ್ನೂ ಏನ್ ಮಾಡ್ತೀರಾ ಸಾ?" ಎಂದು ಡ್ರೈವರ್ ಒಬ್ಬರನ್ನು ಕೇಳಿದ. "ಮೊಮ್ಮಕ್ಕಳು ನೋಡಬೇಕಲ್ಲಪ್ಪಾ" ಎಂದರು ಅವರು. ಮೊಮ್ಮಕ್ಕಳು ನೋಡಲು ಬಯಸುತ್ತಾರೋ ಇಲ್ಲವೋ ಬೇರೆ ಮಾತು. ಬಯಸಿದರೂ ಆ ಫೈಲು ಅವರ ಕೈಯಲ್ಲಿ ತೆರೆದುಕೊಳ್ಳುತ್ತದೆಯೇ?

ರಾ ಫೈಲೆಂದರೆ ಸಂವೇದಕದ ಮೇಲೆ ಬಿದ್ದ ಬೆಳಕಿನ ಲೆಕ್ಕ, ಇನ್ನೂ ಚಿತ್ರವಾಗದ್ದು. ಆ ಲೆಕ್ಕವನ್ನು ಒಬ್ಬೊಬ್ಬ ತಯಾರಕ ಒಂದೊಂದು ಬಗೆಯಲ್ಲಿ ಬರೆಯುತ್ತಾನೆ. ನಿಕಾನಿನದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯೂ, ಫ್ಯೂಜಿಯದು ಆರ್‌ಎಎಫ್. ಕ್ಯಾನನ್ ಮೊದಲು ಸಿಆರ್‌ಡಬ್ಲ್ಯೂ ಎಂದಿತು, ಆಮೇಲೆ ಸಿಆರ್2 ಎಂದಿತು, 2018ರಲ್ಲಿ ಸಿಆರ್3 ಎಂದಿತು. ಒಂದೇ ಜೀಪಿನಲ್ಲಿ ಕೂತವರು ಒಂದೇ ಹುಲಿಯನ್ನು ನಾಲ್ಕು ಲಿಪಿಯಲ್ಲಿ ಬರೆದುಕೊಂಡು ಬರುತ್ತಾರೆ. ಆ ಲಿಪಿಗಳ ಪೂರ್ತಿ ವ್ಯಾಕರಣ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. 2005ರಲ್ಲಿ ನಿಕಾನ್ ಡಿ2ಎಕ್ಸ್ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡಲಾಗಿದೆ ಎಂದು ದೊಡ್ಡ ಗಲಾಟೆಯೇ ಆಯಿತು. ನಮ್ಮ ದುಡ್ಡು, ನಮ್ಮ ಕ್ಯಾಮೆರಾ, ನಾವೇ ಹೊಡೆದ ಹುಲಿ. ಅದರ ಹಳದಿ ಎಷ್ಟು ಹಳದಿ ಎಂಬುದು ಮಾತ್ರ ಕಂಪನಿಯ ಗುಟ್ಟು! ಡೇವ್ ಕಾಫಿನ್ ಎಂಬೊಬ್ಬ ಮನುಷ್ಯ ಆ ಗುಟ್ಟನ್ನು ಬಿಡಿಸಿದ. ಈತ 1997ರಿಂದ ಡಿಸಿರಾ ಎಂಬ ಉಚಿತ ತಂತ್ರಾಂಶವನ್ನು ಬರೆಯುತ್ತ, ಬಂದ ಬಂದ ಕ್ಯಾಮೆರಾದ ಫೈಲನ್ನೆಲ್ಲ ಬಿಚ್ಚಿ ಓದುತ್ತ ಕೂತಿದ್ದ. ಲೋಕದ ಎಷ್ಟೋ ತಂತ್ರಾಂಶಗಳು ಇವನ ಬೆನ್ನೇರಿಯೇ ನಡೆದವು. ನಮ್ಮ ಹುಲಿಯ ಭವಿಷ್ಯ ಒಬ್ಬ ಹಠವಾದಿಯ ಬಿಡುವಿನ ವೇಳೆಯನ್ನು ನಂಬಿಕೊಂಡಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ಈ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ಯೂನಿಕೋಡ್ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ಎಂದು ಒಂದೊಂದು ಅಂಗಡಿಯಲ್ಲಿ ಒಂದೊಂದು ತಂತ್ರಾಂಶ. ನುಡಿಯಲ್ಲಿ ಟೈಪಿಸಿದ ಹಳೆಯ ಲಗ್ನಪತ್ರಿಕೆಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಕಾರ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ, ಸುತ್ತಲೂ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಪಿರಿಯಾಪಟ್ಟಣದ ಮದುವೆ ಕರೆಯೋಲೆ ಲಂಡನ್ನಿನ ಸಾಲಪತ್ರದ ಹಾಗೆ ಕಾಣುತ್ತದೆ. ಯಾವ ಚಿಹ್ನೆಗೆ ಯಾವ ಅಕ್ಷರ ಎಂದು ತಿಳಿದವರು ಹಲವರಿದ್ದರು, ಪರಿವರ್ತಕಗಳನ್ನು ಬರೆದು ಹಂಚಿದರು. ಅದರಿಂದ ವಧೂವರರ ಹೆಸರು ಉಳಿಯಿತು.

ಕ್ಯಾಮೆರಾ ಲೋಕದಲ್ಲಿ ಯೂನಿಕೋಡಿನಂಥ ಸಾರ್ವಜನಿಕ ಲಿಪಿಯಾಗಲೆಂದು ಅಡೋಬಿ 2004ರಲ್ಲಿ ಡಿಎನ್‌ಜಿ ತಂದಿತು. ಅದರ ಒಳಗುಟ್ಟೆಲ್ಲ ಅಚ್ಚಾಗಿ ಬಹಿರಂಗವಾಗಿದೆ, ಯಾರು ಬಳಸಿದರೂ ರಾಯಧನವಿಲ್ಲ. ಲೈಕಾ, ರಿಕೋ ಅದರಲ್ಲೇ ಬರೆಯುತ್ತವೆ. ಪೆಂಟಾಕ್ಸಿನ ಎಷ್ಟೋ ಕ್ಯಾಮೆರಾಗಳು ನಮ್ಮದು ಬೇಕೋ ಡಿಎನ್‌ಜಿ ಬೇಕೋ ಎಂದು ಮರ್ಯಾದೆಯಿಂದ ಕೇಳುತ್ತವೆ. ಮೊಬೈಲುಗಳ ರಾ ಕೂಡ ಬಹುತೇಕ ಡಿಎನ್‌ಜಿಯೇ. ಹೀಗಾಗಿ ಮೂರು ಲಕ್ಷದ ಲೆನ್ಸಿನವರಿಗಿಂತ ಪಕ್ಕದಲ್ಲಿ ಫೋನು ಹಿಡಿದ ಹುಡುಗನ ಹುಲಿಯೇ ಹೆಚ್ಚು ಬಾಳಿಕೆಯದಾದರೂ ಆದೀತು. ಹಾಗೆಂದು ಎಲ್ಲವನ್ನೂ ಡಿಎನ್‌ಜಿಗೆ ತಿರುಗಿಸಿ ಮೂಲವನ್ನು ಎಸೆಯುವುದು ನನಗೆ ಸರಿಕಾಣದು. ತಯಾರಕ ತನ್ನಷ್ಟಕ್ಕೆ ಬರೆದಿಟ್ಟುಕೊಂಡ ಕೆಲವು ಟಿಪ್ಪಣಿಗಳು ಆ ದಾಟಿನಲ್ಲಿ ಸೋರಿಹೋಗಬಹುದು. ಕೆಲವು ಸ್ಪರ್ಧೆಯವರಂತೂ ಮೂಲ ಫೈಲೇ ಬೇಕೆಂದು ಪಟ್ಟು ಹಿಡಿಯುತ್ತಾರೆ. ಮೂಲವನ್ನೂ ಡಿಎನ್‌ಜಿಯ ಹೊಟ್ಟೆಯೊಳಗೇ ಸೇರಿಸಬಹುದು, ಆಗ ಡಿಸ್ಕು ಬಲುಬೇಗ ತುಂಬುತ್ತದೆ.

ಎಚ್.ಡಿ. ಕೋಟೆಗೆ ಹೋದಾಗಲೆಲ್ಲ ನನಗೆ ಕಾಕನಕೋಟೆಯ ಖೆಡ್ಡಾ ಚಿತ್ರಗಳ ಯೋಚನೆ ಬರುತ್ತದೆ. ಕಾಡಾನೆಗಳ ಹಿಂಡನ್ನು ಹೊಳೆಗೆ ಇಳಿಸಿ, ದಾಟಿಸಿ, ಮರದ ದಿಮ್ಮಿಗಳ ಕೊಟ್ಟಿಗೆಯೊಳಕ್ಕೆ ಅಟ್ಟುವ ಆ ದೊಡ್ಡ ಗಲಾಟೆ 1971ರಲ್ಲಿ ಕೊನೆಯ ಬಾರಿ ನಡೆಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು, ಆ ಕಡೆಯ ಕಾಡಿನ ಎಷ್ಟೋ ಭಾಗ ಹಿನ್ನೀರಿನಡಿ ಸೇರಿತು. ಈಗ ಬೇಸಿಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ತಾವಾಗಿಯೇ ಬಂದು ನೆರೆಯುತ್ತವೆ, ಅಟ್ಟುವವರಿಲ್ಲ. ಖೆಡ್ಡಾ ಉಳಿದಿರುವುದು ಕಪ್ಪುಬಿಳುಪು ಚಿತ್ರಗಳಲ್ಲಿ. ಅವುಗಳ ಅಂಚು ಕಂದಿರಬಹುದು, ಗೆದ್ದಲು ಮೂಲೆ ತಿಂದಿರಬಹುದು, ಆದರೂ ಆನೆಯ ಸೊಂಡಿಲು ಯಾವುದು, ಮಾವುತನ ಕಾಲು ಯಾವುದು ಎಂದು ತಿಳಿಯಲು ಪಾಸ್‌ವರ್ಡ್ ಬೇಕಿಲ್ಲ.

ಹುಲಿಗಳ ಲೆಕ್ಕದ ಕಥೆಯೂ ಮಜವಾಗಿದೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಪಟ್ಟೆಗಳಿಂದಲೇ ಒಂದೊಂದು ಹುಲಿಯನ್ನು ಗುರುತಿಸಿದ್ದು ಫಿಲಂ ರೀಲಿನಲ್ಲಿ. ಇಂದಿನ ಟ್ರ್ಯಾಪ್ ಕ್ಯಾಮೆರಾಗಳು ಸಾಮಾನ್ಯವಾಗಿ ಕೊಡುವುದು ಬರೀ ಜೆಪೆಗ್. ವಿಜ್ಞಾನಕ್ಕೆ ಸಾಕಾದದ್ದು ನಮಗೆ ಸಾಲದು!

ಹೀಗಾಗಿ ನನ್ನ ಏರ್ಪಾಡು ಇಷ್ಟು: ಮುಖ ಕಂಡ ಚಿತ್ರಗಳ ಮೂಲ ರಾ ಹಾಗೇ ಇರಲಿ, ಜೊತೆಗೊಂದು ಡಿಎನ್‌ಜಿ, ಜೊತೆಗೊಂದು ದೊಡ್ಡ ಜೆಪೆಗ್, ಇವು ಬೇರೆ ಬೇರೆ ಕಡೆಯ ಎರಡು ಡಿಸ್ಕುಗಳಲ್ಲಿ. ಬಾಲಗಳನ್ನು ಅಳಿಸುವುದು. ಅಳಿಸುವ ಧೈರ್ಯ ಬರುವವರೆಗೆ ಉಳಿದದ್ದೆಲ್ಲ ಬರೀ ಚರ್ಚೆ.

ಈ ಜ್ಞಾನವನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಕೆ.ಆರ್. ನಗರದ ನೆಂಟರ ಮಗಳ ಮದುವೆಗೆ ಫೋಟೋದವರನ್ನು ಗೊತ್ತುಮಾಡಲು ಹುಣಸೂರಿನ ಸ್ಟುಡಿಯೋ ಒಂದಕ್ಕೆ ಹೋಗಿದ್ದೆ. ಆಲ್ಬಮ್ಮು, ಡ್ರೋನು, ಎಲ್ಲದರ ರೇಟೂ ಮುಗಿದ ಮೇಲೆ, "ರಾ ಫೈಲನ್ನೂ ಕೊಡಬೇಕು ಕಣಪ್ಪಾ, ಆದರೆ ಡಿಎನ್‌ಜಿಯಲ್ಲಿ" ಎಂದೆ. ಅವನು ಪೆನ್ನು ಕೆಳಗಿಟ್ಟ.

"ಅದೊಂದ್ ಕೇಳ್ಬೇಡಿ ಸಾ. ರಾ ಕೊಟ್ರೆ ನಿಮ್ ಭಾವಮೈದ ಮನೇಲ್ ಕೂತು ಹೆಣ್ಣನ್ನ ಸುಣ್ಣದ ಹಂಗೆ ಬೆಳ್ಳಗ್ ಮಾಡ್ತಾರೆ. ಆಮೇಲೆ ಊರೆಲ್ಲಾ, ಯಾರ್ ಸಾ ತೆಗ್ದಿದ್ದು ಅಂತಾರೆ."

ನನ್ನ ಭಾವಮೈದ ಯಾರೆಂದು ಅವನಿಗೆ ಹೇಗೆ ಗೊತ್ತಾಯಿತೋ!