ಒಂದ ಬ್ಯಾಗಿನ ಅಕ್ಕೋರು

ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಅರ್ಧ ತಾಸು ನಿಂತರೆ ಸಾಕು, ಇಂಥವರೊಬ್ಬರು ಕಂಡೇ ಕಾಣುತ್ತಾರೆ. ವಯಸ್ಸು ಐವತ್ತರ ಆಚೀಚೆ. ಸರ್ಕಾರಿ ಸಾಲಿಯಲ್ಲಿ ನೌಕರಿ, ಹಾಗಾಗಿ ಊರಿಗೆಲ್ಲ ಅಕ್ಕೋರು. ಸೀರೆಯ ಒಂದು ನಿರಿಗೆಯೂ ಅತ್ತಿತ್ತ ಸರಿದಿರುವುದಿಲ್ಲ. ಹಣೆಯ ಟಿಕಳಿ ಜಂಪರಿನ ಬಣ್ಣದ್ದೇ, ಬಳೆ ಸೀರೆಯ ಅಂಚಿನ ಬಣ್ಣದ್ದೇ. ಹೆಗಲಿಗೆ ಒಂದೇ ಒಂದು ಬ್ಯಾಗು. ಎರಡು ದಿನದ ಮದುವೆಯಿರಲಿ, ಎಂಟು ದಿನದ ಯಾತ್ರೆಯಿರಲಿ, ಬ್ಯಾಗು ಅದೇ. ಎದುರಿಗೆ ಯಾರಾದರೂ ದೊಡ್ಡ ಸೂಟ್‌ಕೇಸು ಎಳೆದುಕೊಂಡು ಬಂದರೆ ಅಕ್ಕೋರು ಮೇಲಿಂದ ಕೆಳಗೆ ನೋಡಿ, "ಏನ್ರೀ ಇದು, ಮನಿ ಖಾಲಿ ಮಾಡಿ ಹೊಂಟೀರೇನು? ನಂದು ನೋಡ್ರಿ, ಒಂದ ಬ್ಯಾಗ್" ಅನ್ನುತ್ತಾರೆ.

ನಾಲ್ಕು ಹೆಜ್ಜೆ ಹಿಂದೆ ಅವರ ಯಜಮಾನರು ನಿಂತಿರುತ್ತಾರೆ. ಬಲಗೈಯಲ್ಲೊಂದು, ಎಡಗೈಯಲ್ಲೊಂದು, ಬೆನ್ನಿಗೊಂದು, ಕೊರಳಿಗೆ ಜೋತುಬಿದ್ದ ನೀರಿನ ಬಾಟಲಿ. ಅವರು ಏನೂ ಅನ್ನುವುದಿಲ್ಲ. ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯಬೇಕಾದ ಟವೆಲ್ಲನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತಾರೆ.

ಅಕ್ಕೋರ ಮಾತಿನಲ್ಲಿ ಸುಳ್ಳಿಲ್ಲ. ಬ್ಯಾಗು ನಿಜಕ್ಕೂ ಒಂದೇ, ನಿಜಕ್ಕೂ ಹಗುರ. ಅದನ್ನು ಹಗುರ ಮಾಡುವ ಕೆಲಸ ವಾರ ಮೊದಲೇ ಶುರುವಾಗುತ್ತದೆ. ಅವರ ಅಡುಗೆಮನೆಯ ಮಾಡದಲ್ಲಿ ಹಾರ್ಲಿಕ್ಸ್ ಡಬ್ಬಿಯೊಂದರ ತುಂಬ ಖಾಲಿ ಶೀಶೆಗಳಿವೆ. ಕಣ್ಣಿಗೆ ಬಿಡುವ ಔಷಧದ್ದು, ಹೋಮಿಯೋಪತಿ ಗುಳಿಗೆಯದ್ದು, ತಲೆನೋವಿನ ಬಾಮಿನದ್ದು. ಮೆಡಿಕಲ್ ಶಾಪಿನವನು ಔಷಧ ಕೈಗಿಟ್ಟರೆ ಅಕ್ಕೋರು ತಾರೀಖು ನೋಡುವುದಕ್ಕಿಂತ ಮೊದಲು ಮುಚ್ಚಳ ತಿರುವಿ ನೋಡುತ್ತಾರೆ. ಮುಚ್ಚಳ ಬಿಗಿಯಾಗಿದ್ದರೆ ಕೆಮ್ಮು ಬಂದದ್ದೂ ಸಾರ್ಥಕ. ಕಣ್ಣೌಷಧದ ಶೀಶೆಗೆ ಗುಲಾಬಿ ನೀರು ಹೋಗುತ್ತದೆ, ಬಾಮಿನ ಡಬ್ಬಿಗೆ ಮುಖದ ಕ್ರೀಮು, ಗುಳಿಗೆಯ ಶೀಶೆಗೆ ಕುಂಕುಮ. ತುಟಿಯ ಬಣ್ಣಕ್ಕೆ ಮಾತ್ರ ಡಬ್ಬಿ ಬದಲಿಲ್ಲ, ಏಕೆಂದರೆ ಅದು ಬ್ಯಾಗಿನಲ್ಲಿ ಇದೆ ಎಂಬುದನ್ನೇ ಅವರು ಒಪ್ಪುವುದಿಲ್ಲ. ಕೇಳಿದರೆ, "ಎಲಿ ಅಡಿಕಿ ಹಾಕ್ಕೊಂಡಿದ್ನಿ" ಎಂಬ ಉತ್ತರ ತಯಾರಿರುತ್ತದೆ.

ಸಾಬೂನಿನ ವಿಷಯ ನೋಡಲೇಬೇಕಾದದ್ದು. ಮೈಸೂರು ಸ್ಯಾಂಡಲ್ ಸಾಬೂನಿಲ್ಲದೆ ಅಕ್ಕೋರ ಸ್ನಾನ ಮುಗಿಯುವುದಿಲ್ಲ. ಇಡೀ ಸಾಬೂನು ಒಯ್ದರೆ ಭಾರ, ಹಸಿ ಸಾಬೂನು ಮರಳಿ ತಂದರೆ ಬ್ಯಾಗೆಲ್ಲ ಲೋಳೆ. ಆದ್ದರಿಂದ ಹಿಂದಿನ ರಾತ್ರಿ ಪಡಸಾಲೆಯಲ್ಲಿ ಕೂತು, ಸೀರೆಗೆ ಫಾಲ್ ಹಚ್ಚುವ ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಜಗ್ಗಿ ಹಿಡಿದು, ಎಡಗೈಯಿಂದ ಸಾಬೂನನ್ನು ದಾರಕ್ಕೆ ಒತ್ತುತ್ತಾರೆ. ಒಂದು ಪುಡಿಯೂ ಉದುರದೆ ಸಾಬೂನು ಮೂರು ತುಂಡು. ಒಂದು ಹೋಗುವ ಊರಿಗೆ, ಒಂದು ನಡುವಿನ ಲಾಡ್ಜಿಗೆ, ಒಂದು ಮನೆಗೆ. ಆ ಸಾಬೂನಿನ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾದಾಗ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ದೊಡ್ಡ ಎಂಜಿನಿಯರರು, ಕಟ್ಟೆ ಕಟ್ಟಿಸಿದವರು. ಆದರೂ ಒಂದು ಸಾಬೂನನ್ನು ಹೀಗೆ ಪಾಲು ಮಾಡುವುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಶಾಂಪೂ ಪಾಕೀಟನ್ನು ಕಂಡುಹಿಡಿದವರ ಬಗ್ಗೆ ಅಕ್ಕೋರಿಗೆ ಬಹಳ ಗೌರವ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಎಂಬುವರು ಸಣ್ಣ ಪಾಕೀಟಿನ ಜಾಡು ಹಾಕಿಕೊಟ್ಟರು. ಅವರ ಮಗ ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರುಮಾಡಿ ಹಳ್ಳಿಹಳ್ಳಿಯ ಕಿರಾಣಿ ಅಂಗಡಿಯ ಬಾಗಿಲಿಗೆ ಅದನ್ನು ಮಾಲೆಮಾಲೆಯಾಗಿ ತೂಗುಹಾಕಿಸಿದರು. ಬಾಟಲಿ ಕೊಳ್ಳಲು ಆಗದವರಿಗಾಗಿ ಹುಟ್ಟಿದ ಈ ಪಾಕೀಟು, ಬಾಟಲಿ ಕೊಂಡು ಮನೆಯಲ್ಲಿಟ್ಟು ಊರಿಗೆ ಹೊರಟವರ ಪಾಲಿಗೂ ಬಂತು. ಬೆಂಗಳೂರಿನ ಸೊಸೆ ಒಮ್ಮೆ ಪ್ರವಾಸಕ್ಕೆಂದೇ ಮಾಡಿದ ಸಣ್ಣ ಸಣ್ಣ ಬಾಟಲಿಗಳ ಕಿಟ್ಟೊಂದನ್ನು ತರಿಸಿಕೊಟ್ಟಳು. "ಅತ್ತೀ, ಇದರೊಳಗ ಎಲ್ಲಾ ಐತಿ" ಅಂದಳು. ಅಕ್ಕೋರು ಕನ್ನಡಕ ಏರಿಸಿ ಮೊದಲು ಎಷ್ಟು ಎಂಎಲ್ ಎಂದು ಓದಿದರು, ಆಮೇಲೆ ಬೆಲೆ ಓದಿದರು, ಆಮೇಲೆ ಕನ್ನಡಕ ತೆಗೆದರು. "ಯವ್ವಾ, ಇಷ್ಟು ರೊಕ್ಕದಾಗ ಒಂದು ಛಲೋ ಖಣ ಬರ್ತಿತ್ತಲ್ಲ." ಕಿಟ್ಟು ಬೇಗ ಮುಗಿಯಿತು. ಶೀಶೆಗಳು ಹಾರ್ಲಿಕ್ಸ್ ಡಬ್ಬಿ ಸೇರಿದವು.

ಇಷ್ಟೆಲ್ಲ ಉಳಿತಾಯ ಮಾಡಿದ ಅಕ್ಕೋರು ಸೋಲುವುದು ಒಂದೇ ಕಡೆ, ಮ್ಯಾಚಿಂಗಿನಲ್ಲಿ. ಅವರ ಅವ್ವನ ಕಾಲದಲ್ಲಿ ಈ ಪೀಡೆ ಇರಲಿಲ್ಲ. ಹೆದ್ದಾರಿ ಹಿಡಿದರೆ ಇಳಕಲ್ಲು ಇಲ್ಲೇ ಇದೆ. ಅಲ್ಲಿಯ ಸೀರೆ, ಮೈ ಹತ್ತಿಯದು, ಸೆರಗು ರೇಷ್ಮೆಯದು, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿದ್ದು. ಅದರ ಮೇಲೊಂದು ಗುಳೇದಗುಡ್ಡದ ಖಣದ ಕುಪ್ಪಸ. ಸೀರೆ ಹಸಿರಿರಲಿ, ಕೆಂಪಿರಲಿ, ಕುಪ್ಪಸ ಅದೇ. ಉಟ್ಟದ್ದೊಂದು, ಒಣಗುವುದೊಂದು; ಗಂಟು ಕಟ್ಟಿ ಬಗಲಿಗಿಟ್ಟರೆ ಕಾಶಿಗೂ ಹೋಗಿಬರಬಹುದಿತ್ತು. ಊರಿಗೆ ಮ್ಯಾಚಿಂಗ್ ಸೆಂಟರ್ ಬಂದ ದಿನವೇ ಹೆಣ್ಣುಮಕ್ಕಳ ಗಂಟು ಊದಿತು ಎಂಬುದು ನನ್ನ ಖಾಸಾ ಅಭಿಪ್ರಾಯ. ಈಗ ಮೂರು ಸೀರೆ ಎಂದರೆ ಮೂರು ಜಂಪರು, ಮೂರು ಪರಕಾರ, ಮೂರು ಜೊತೆ ಬಳೆ, ಮೂರು ನಮೂನೆ ಕಿವಿಯೋಲೆ, ಟಿಕಳಿಯ ಹಾಳೆ, ಒಂದು ಹಿಡಿ ಪಿನ್ನು. ಅಕ್ಕೋರ ಬ್ಯಾಗಿಗೆ ಇದು ಹಿಡಿಸುವುದಿಲ್ಲ, ಹಿಡಿಸಬೇಕಾದ ಕಾರಣವೂ ಇಲ್ಲ. "ಏನ್ರೀ, ನಿಮ್ಮ ಬ್ಯಾಗಿನ್ಯಾಗ ಜಾಗ ಐತಲ್ರಿ?" ಎಂದು ಕೇಳುತ್ತಾರೆ. ಯಜಮಾನರದ್ದು ಎರಡು ಪ್ಯಾಂಟು, ಎರಡು ಅಂಗಿ, ಒಂದು ಲುಂಗಿ. ಜಾಗ ಇದ್ದೇ ಇರುತ್ತದೆ. ಬಳೆ ಒಡೆಯಬಾರದೆಂದು ಪ್ಯಾಂಟಿನ ಕಾಲಿನೊಳಗೆ ತೂರಿಸಿ ಸುರುಳಿ ಸುತ್ತುತ್ತಾರೆ. ಲಾಡ್ಜಿನಲ್ಲಿ ನಸುಕಿನಲ್ಲೆದ್ದು ಯಜಮಾನರು ಪ್ಯಾಂಟು ಝಾಡಿಸಿದರೆಂದರೆ ಪಕ್ಕದ ರೂಮಿನವರೂ ಏಳುತ್ತಾರೆ.

ಹೀಗೆ ಭಾರ ಎಲ್ಲಿಗೂ ಹೋಗಿರುವುದಿಲ್ಲ, ಕೈ ಬದಲಾಗಿರುತ್ತದೆ ಅಷ್ಟೆ.

ಯಾವ ವಾಹನ ಒಳ್ಳೆಯದು ಎಂಬುದನ್ನು ಅಕ್ಕೋರು ಕನ್ನಡಿಯಿಂದ ಅಳೆಯುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ, ಯಜಮಾನರಿಗೆ ಮಾತ್ರ ಇದೆ. ಆದರೆ ಕಂಡಕ್ಟರು ಆಧಾರ್ ಕಾರ್ಡಿನ ಮುಖವನ್ನೂ ಎದುರಿನ ಮುಖವನ್ನೂ ಎರಡೆರಡು ಸಲ ನೋಡಿಯೇ ಶೂನ್ಯದ ಟಿಕೆಟ್ ಹರಿಯುತ್ತಾನೆ. ಆಧಾರ್ ಫೋಟೋ ತೆಗೆಸಿದ ದಿನ ಅಕ್ಕೋರು ಪೌಡರ್ ಹಚ್ಚಿರಲಿಲ್ಲ. ಬಸ್ಸಿನಲ್ಲಿ ಕನ್ನಡಿ ಇರುವುದು ಡ್ರೈವರನ ತಲೆಯ ಮೇಲೆ, ಅದು ಉಪಯೋಗವಿಲ್ಲ. ಆದ್ದರಿಂದ ಕಾಡಿಗೆ ಕೈಯಂದಾಜಿನ ಮೇಲೆ. ತಾವರಗೇರಾ ರಸ್ತೆಯ ಹಂಪುಗಳೆಲ್ಲ ಅವರಿಗೆ ಬಾಯಿಪಾಠ. ಒಂದು ಹಂಪು ದಾಟಿದ ಮೇಲೆ ಎಡಗಣ್ಣು, ಇನ್ನೊಂದು ದಾಟಿದ ಮೇಲೆ ಬಲಗಣ್ಣು. ನಡುವೆ ಕುರಿ ಹಿಂಡು ಅಡ್ಡ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಕಾರಿನಲ್ಲಿ ಹೋಗುವಾಗ ವಣಗೇರಿ ಟೋಲು ಅವರ ಕೆಲಸದ ಜಾಗವಾಗಿತ್ತು. ಚಿಲ್ಲರೆಗಾಗಿ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ತುಟಿ, ಹಣೆ, ಕೂದಲು ಮೂರೂ ಅಲ್ಲಿ ಮುಗಿಯುತ್ತಿದ್ದವು. 2021ರ ಫೆಬ್ರುವರಿಯಲ್ಲಿ ಎಲ್ಲ ಗಾಡಿಗೂ ಫಾಸ್ಟ್ಯಾಗ್ ಕಡ್ಡಾಯವಾಯಿತು. ದೇಶಕ್ಕೆ ಎಷ್ಟು ಡೀಸೆಲ್ ಉಳಿಯಿತೋ ಗೊತ್ತಿಲ್ಲ, ಅಕ್ಕೋರ ಮೇಲ್ದುಟಿ ಮುಗಿಯುವಷ್ಟರಲ್ಲಿ ಗೇಟು ಎದ್ದು ಕೆಳದುಟಿ ಬಾಕಿ ಉಳಿಯತೊಡಗಿತು.

ಆ ಕೊರತೆ ನೀಗಿಸಿದ್ದು ರೈಲು. ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಹಾದು ಹಳಿ ಕುಷ್ಟಗಿ ಮುಟ್ಟಿ, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ ರೈಲು ಶುರುವಾದಾಗ ಊರಿಗೆ ಊರೇ ಹಿಗ್ಗಿತು. ವ್ಯಾಪಾರ ಬೆಳೆಯುತ್ತದೆ, ಓದುವ ಮಕ್ಕಳಿಗೆ ಅನುಕೂಲ ಎಂದೆಲ್ಲ ಮಾತಾಡಿದರು. ಅಕ್ಕೋರು ಒಂದು ಸಲ ಹುಬ್ಬಳ್ಳಿಗೆ ಹೋಗಿಬಂದು ತಮ್ಮ ಅಭಿಪ್ರಾಯ ಹೇಳಿದರು: "ಕೈ ತೊಳೆಯೋ ಕಡೆ ಕನ್ನಡಿ ಐತ್ರಿ. ಮತ್ತೇನ್ ಬೇಕು?"

ತಿರುಪತಿಗೆ ಹೊರಟದ್ದು ಮಾತ್ರ ಕ್ರೂಸರಿನಲ್ಲಿ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಲು ವೀಸಾ ಆದರೆ ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆಂದು ಅಕ್ಕೋರು ಹರಕೆ ಹೊತ್ತಿದ್ದರು. ವೀಸಾ ಆಯಿತು. ಬೀಗರು, ನೆಂಟರು, ಓಣಿಯವರು ಸೇರಿ ಗಾಡಿ ತುಂಬಿತು. ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತವರಲ್ಲಿ ನಾನೂ ಒಬ್ಬ. ಗಂಟುಮೂಟೆಗಳೆಲ್ಲ ಟಾಪಿಗೆ ಹೋಗಿ ತಾಡಪತ್ರಿಯ ಕೆಳಗೆ ಹಗ್ಗ ಬಿಗಿಸಿಕೊಂಡವು. ಅಕ್ಕೋರ ಬ್ಯಾಗು ತೊಡೆಯ ಮೇಲೆ. ಅವರ ನೆಗೆಣ್ಣಿಗೆ ಇದನ್ನು ಕಂಡರೆ ಮೊದಲಿಂದಲೂ ಸಿಟ್ಟು. "ಮಾರಿಗೆ ಹಚ್ಚೋದು ಬಿಟ್ಟು ಅದರಾಗೇನೈತಿ?" ಎಂದು ಹೊಸಪೇಟೆವರೆಗೂ ಗೊಣಗಿದರು. ಬಳ್ಳಾರಿ ದಾಟಿ ಕತ್ತಲಾಯಿತು, ಎಲ್ಲರಿಗೂ ಜೋಂಪು. ಗುತ್ತಿಯ ಆಸುಪಾಸು ಯಜಮಾನರಿಗೆ ತಲೆನೋವು ಬಂತು. ಹೆಂಡತಿಯನ್ನು ಎಬ್ಬಿಸದೆ ಬ್ಯಾಗಿಗೆ ಕೈ ಹಾಕಿ, ಬಾಮಿನ ಡಬ್ಬಿ ತೆಗೆದು, ಹಣೆ ತುಂಬ ತಿಕ್ಕಿಕೊಂಡರು. ತಲೆನೋವು ಇಳಿಯಲಿಲ್ಲ, ಹಣೆ ಮೆದುವಾಯಿತು. ಸ್ವಲ್ಪ ಹೊತ್ತಿಗೆ ನೆಗೆಣ್ಣಿ, ಎಲ್ಲರೂ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು, ಅದೇ ಬ್ಯಾಗಿಗೆ ಕೈ ಹಾಕಿದರು. ಅವರಿಗೆ ಬಾಮಿನ ಡಬ್ಬಿಯಲ್ಲಿ ಕ್ರೀಮು ಇರುವ ಗುಟ್ಟು ಗೊತ್ತಿತ್ತು. ಅದೇ ಆಕಾರದ ಇನ್ನೊಂದರಲ್ಲಿ ನಿಜವಾದ ಬಾಮೇ ಇರುವುದು ಗೊತ್ತಿರಲಿಲ್ಲ. ಕೆನ್ನೆ, ಗದ್ದ, ಕಣ್ಣಿನ ಕೆಳಗೆ, ಎಲ್ಲ ಕಡೆ ಧಾರಾಳವಾಗಿ ಹಚ್ಚಿಕೊಂಡರು. ಕ್ರೂಸರು ನಡುದಾರಿಯಲ್ಲಿ ನಿಂತಿತು. ನೀರಿನ ಕ್ಯಾನು ಖಾಲಿಯಾಯಿತು. ಕದ್ದು ಹಚ್ಚಿದ್ದಾದ್ದರಿಂದ ಬೈಯುವ ಹಾಗೂ ಇಲ್ಲ. ಅಕ್ಕೋರು ಗುಲಾಬಿ ನೀರಿನ ಶೀಶೆ ತೆಗೆದು, "ತೊಗೋರಿ, ಎರಡು ಹನಿ ಸಾಕು" ಎಂದರು.

ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಗೊತ್ತಾಯಿತು, ಹರಕೆ ಹೊತ್ತವರು ಅಕ್ಕೋರಾದರೂ ಹೊತ್ತದ್ದು ಯಜಮಾನರ ಕೂದಲಿನ ಲೆಕ್ಕದಲ್ಲಿ ಎಂದು. ಅಕ್ಕೋರು ಮೂರು ಕತ್ತರಿ ಕೊಟ್ಟು ಎದ್ದರು. ಯಜಮಾನರು ನುಣ್ಣಗೆ ಬೋಳಿಸಿಕೊಂಡು, ತಲೆಗೆ ಗಂಧ ಹಚ್ಚಿಸಿಕೊಂಡು ಬಂದರು. ಅವರ ಮುಖದಲ್ಲಿ ಸ್ವಲ್ಪ ಸಮಾಧಾನವೂ ಇತ್ತು, ದೇಹದ ಒಂದು ಭಾಗವಾದರೂ ಹಗುರಾಯಿತಲ್ಲ ಎಂದು. ಅಕ್ಕೋರು ಅವರ ತಲೆಯನ್ನು ದೂರದಿಂದ ನೋಡಿ ಲೆಕ್ಕ ಹಾಕಿದರು. "ಇನ್ನ ನಿಮಗ ಬಾಚಣಿಗಿ ಬ್ಯಾಡ, ಕರಿ ಬಣ್ಣ ಬ್ಯಾಡ. ಅಷ್ಟು ಜಾಗ ಆತು ನೋಡ್ರಿ." ಮರುದಿನ ಆ ಜಾಗಕ್ಕೆ ತಿರುಪತಿಯಲ್ಲಿ ಕೊಂಡ ಎರಡು ಡಜನ್ ಬಳೆ ಬಂದವು. ಲಾಡ್ಜು ಬಿಡುವ ಮುನ್ನ ಬಚ್ಚಲಿನ ಕನ್ನಡಿಗೆ ಅಂಟಿಸಿದ್ದ ಟಿಕಳಿಗಳನ್ನು ಎಣಿಸಿ ಕಿತ್ತುಕೊಂಡು ಬಂದದ್ದನ್ನೂ ಹೇಳಿಬಿಡುತ್ತೇನೆ. ಅಕ್ಕೋರು ಏನನ್ನೂ ಬಿಟ್ಟು ಬರುವವರಲ್ಲ.

ವಿಮಾನದ ಸಿದ್ಧತೆ ತಿಂಗಳುಗಟ್ಟಲೆ ನಡೆಯಲಿಲ್ಲ, ಒಂದೇ ಸಂಜೆಯಲ್ಲಿ ಮುಗಿಯಿತು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ, ಕೈಯಲ್ಲಿ ಒಯ್ಯುವ ಬ್ಯಾಗಿನ ಎಣ್ಣೆ, ಕ್ರೀಮು, ಶಾಂಪೂ ಯಾವುದೂ 100 ಎಂಎಲ್ ಮೀರುವಂತಿಲ್ಲ, ಎಲ್ಲವನ್ನೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ತೋರಿಸಬೇಕು ಎಂಬ ನಿಯಮ ಅಂತರರಾಷ್ಟ್ರೀಯ ವಿಮಾನಗಳಿಗೆ ಬಂತು. ಮಗ ಫೋನಿನಲ್ಲಿ ಇದನ್ನೆಲ್ಲ ಹೆದರಿ ಹೆದರಿ ವಿವರಿಸಿದ. ಅಕ್ಕೋರು ಹಾರ್ಲಿಕ್ಸ್ ಡಬ್ಬಿ ನೆಲಕ್ಕೆ ಸುರುವಿ, "ನೂರಾ? ನನ್ನ ಶೀಶೆದಾಗ ಮೂವತ್ತು ದಾಟಿದ್ದು ಒಂದೂ ಇಲ್ಲಪಾ" ಅಂದರು. ಪ್ರಪಂಚದ ವಿಮಾನ ನಿಲ್ದಾಣಗಳೆಲ್ಲ ಕೊನೆಗೂ ತಮ್ಮ ದಾರಿಗೆ ಬಂದವು ಎಂಬ ಧಾಟಿ ಆ ಮಾತಿನಲ್ಲಿತ್ತು.

ದೊಡ್ಡ ಸೂಟ್‌ಕೇಸುಗಳಲ್ಲಿ ಮಗಳಿಗೆಂದು ಅಂಟಿನ ಉಂಡಿ, ಬಾಣಂತಿ ಖಾರ, ಶೇಂಗಾ ಹಿಂಡಿ, ಕಟಕ್ ಸಜ್ಜಿ ರೊಟ್ಟಿ ತುಂಬಿ ತೂಕದ ಮುಳ್ಳು ಕೊನೆ ಮುಟ್ಟಿತ್ತು. ಅಕ್ಕೋರ ಕೈಯಲ್ಲಿ ಅದೇ ಒಂದು ಬ್ಯಾಗು. ಮುಂದಿನದು ಯಜಮಾನರು ತಿರುಗಿ ಬಂದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದು. ಬೆಂಗಳೂರಿನ ತಪಾಸಣೆಯಲ್ಲಿ ಅಕ್ಕೋರ ಬ್ಯಾಗು ಒಂದು ಕ್ಷಣವೂ ನಿಲ್ಲದೆ ಯಂತ್ರದಿಂದ ಆಚೆ ಜಾರಿತು. ಪಾರದರ್ಶಕ ಚೀಲದ ಶಿಸ್ತು ನೋಡಿ ಅಲ್ಲಿಯ ಹುಡುಗಿ ನಕ್ಕಳಂತೆ. ನಿಂತದ್ದು ಯಜಮಾನರ ಬ್ಯಾಗು. ತೆರೆಸಿದರು. ಮೇಲೆ ಅಂಗಿ, ಅಂಗಿಯ ಕೆಳಗೆ ಪ್ಯಾಂಟು, ಪ್ಯಾಂಟಿನ ಕಾಲಿನೊಳಗೆ ಬಳೆ, ಇನ್ನೊಂದು ಕಾಲಿನೊಳಗೆ 200 ಎಂಎಲ್ ಶೀಶೆಯಲ್ಲಿ ದಾಸವಾಳ, ಮೆಂತ್ಯ, ಗರಗದ ಸೊಪ್ಪು ಹಾಕಿ ಕಾಸಿದ ತಲೆಗೆಣ್ಣೆ. ಅರ್ಧ ಖಾಲಿಯಿತ್ತು, ಆದರೆ ಅಲ್ಲಿ ಒಳಗಿರುವ ಎಣ್ಣೆಯ ಲೆಕ್ಕವಲ್ಲ, ಶೀಶೆಯ ಅಳತೆಯ ಲೆಕ್ಕ.

"ಯೇ ಬಾಲ್ ಕಾ ತೇಲ್ ಕಿಸ್ಕಾ ಹೈ?" ಎಂದು ಜವಾನ ಶೀಶೆ ಎತ್ತಿ ಹಿಡಿದ. ಯಜಮಾನರು ಆಚೆ ನೋಡಿದರು. ಅಕ್ಕೋರು ತಮ್ಮ ಒಂದ ಬ್ಯಾಗು ಹೆಗಲಿಗೇರಿಸಿ ವಿಮಾನಗಳ ವೇಳಾಪಟ್ಟಿ ಓದುತ್ತಿದ್ದರು. ತಪಾಸಣೆಗೆಂದು ಯಜಮಾನರ ಟೊಪ್ಪಿಗೆಯನ್ನು ಆಗಲೇ ತೆಗೆಸಿ ಟ್ರೇನಲ್ಲಿ ಇಡಿಸಿದ್ದರು.

"ಮೇರಾ ಹೈ ಸಾಬ್" ಅಂದೆ, ಅಂದರು ಯಜಮಾನರು. "ಅಂವ ಮೊದಲು ಎಣ್ಣಿ ನೋಡಿದ, ಆಮ್ಯಾಲ ನನ್ನ ತೆಲಿ ನೋಡಿದ, ಆಮ್ಯಾಲ ದೊಡ್ಡ ಸಾಹೇಬರನ್ನ ಕರೆದ."