ಶೀತಾಂಬರ ಮೀಮಾಂಸೆ

ಅಧಿಕಾರಿ ನಿರ್ಣಯ: ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೊರಟ ತಾಯ್ತಂದೆಯರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಜೂನ್‌ನಲ್ಲಿ ಹೋಗುವ ಪುಣ್ಯವಂತರಿಗೆ ಪ್ರವೇಶವಿಲ್ಲ.

ಪೂರ್ವಪಕ್ಷ: "ಅಲ್ಲಿ ಮಧ್ಯಾಹ್ನ 8 ಡಿಗ್ರಿಯಂತೆ. ನಮ್ಮ ಬೆಂಗಳೂರೂ 1884ರ ಜನವರಿಯಲ್ಲಿ 7.8ಕ್ಕೆ ಇಳಿದಿತ್ತು. ಅಲ್ಲಿನ ಇಡೀ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆ ಜುಲೈ ಒಂದರಲ್ಲೇ ಅದನ್ನು ಮೀರಿಸುತ್ತದೆ. ಒಂದು ಸ್ವೆಟರ್ ಸಾಕು."

ಖಂಡನೆ: ಇದು ಅಂಕಿ ಕಂಡು ಒದ್ದೆ ಕಾಣದವರ ವಾದ. ಬೆಂಗಳೂರಿನ ದಾಖಲೆ ಚಳಿ ಲಂಡನ್ನಿಗೆ ಮಾಮೂಲು ಮಧ್ಯಾಹ್ನ. ಅಲ್ಲಿನ ಜಿನುಗು ಸರಿಯಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ನಾಲ್ಕು ಗಂಟೆ ದಾಟುತ್ತಲೇ ಸೂರ್ಯ ಮುಳುಗುವ ಊರಲ್ಲಿ ನೆನೆದ ಬಟ್ಟೆ ಒಣಗುವುದೆಂತು? ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಆದಕಾರಣ ನೆನೆದ ಹತ್ತಿ ಬನಿಯನ್ ಶತ್ರುಪಕ್ಷದ ಗೂಢಚಾರ.

ದರ್ಶನತ್ರಯ: ದಪ್ಪ ಕೋಟೊಂದೇ ಸತ್ಯ, ಉಳಿದದ್ದು ಮಿಥ್ಯೆ ಎನ್ನುವವರು ಅದ್ವೈತಿಗಳು. ಕೋಟು ಬೇರೆ, ಸ್ವೆಟರ್ ಬೇರೆ, ಈ ಭೇದ ನಿತ್ಯ ಎನ್ನುವವರು ದ್ವೈತಿಗಳು. ವಿಶಿಷ್ಟಾದ್ವೈತಿಗಳು ಮೂರನ್ನೂ ಒಪ್ಪಿ ಒಂದಾಗಿಸುತ್ತಾರೆ: ಬೆವರನ್ನು ಮೈಯಿಂದ ಆಚೆ ದಾಟಿಸುವ ಥರ್ಮಲ್, ಗಾಳಿಯನ್ನು ಹಿಡಿದಿಡುವ ಉಣ್ಣೆ, ಮಳೆಗಾಳಿ ತಡೆಯುವ ಮೇಲಂಗಿ.

ಪ್ರಮಾಣ: ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಯೂ ಒದ್ದೆ ಅನಿಸದು. ಕಂಬಳಿಕೊಪ್ಪೆ ಹೊದ್ದು ಸುರಿಮಳೆಯಲ್ಲಿ ನಾಟಿ ಮಾಡುತ್ತಿದ್ದ ಮಲೆನಾಡಿನವರಿಗೆ ಇದನ್ನು ಯಾವ ಪ್ರಯೋಗಾಲಯವೂ ಹೇಳಿಕೊಡಬೇಕಾಗಿರಲಿಲ್ಲ. ಮಂಕಿ ಟೋಪಿಗೆ ನಾಚಬೇಕಿಲ್ಲ. ಅದರ ದಾಯಾದಿಗೆ 1854ರ ಬಾಲಕ್ಲಾವ ಯುದ್ಧದ ಹೆಸರಿಟ್ಟು ಗೌರವಿಸಿದವರು ಆಂಗ್ಲರೇ.

ಆಕ್ಷೇಪ: ಒಪ್ಪಿದೆವು, ಆದರೆ ಒಳಗೆ ಹೋದರೆ? ಅಂಗಡಿಯಲ್ಲಿ ಹೀಟರ್, ಬಸ್ಸಿನಲ್ಲಿ ಹೀಟರ್. ಸೆಂಟ್ರಲ್ ಲೈನ್ ರೈಲಿನ ಆಳದ ಸುರಂಗದಲ್ಲಂತೂ ಜನವರಿಯಲ್ಲೂ ಸೆಕೆ. ಅದ್ವೈತಿ ಸೋಲುವುದು ಇಲ್ಲೇ. ಕೋಟು ಕಳಚಿದರೆ ನಡುಕ, ತೊಟ್ಟೇ ಇದ್ದರೆ ಬೆವರು. ಬೆವರೂ ನೀರೇ ಆದ್ದರಿಂದ ಬೀದಿಗೆ ಬಂದೊಡನೆ ಅದು ಚಳಿಯ ಕಡೆ ಸೇರಿಕೊಳ್ಳುತ್ತದೆ.

ಸಿದ್ಧಾಂತ: ಬೆಚ್ಚಗೆ ಉಡುವ ಶಾಸ್ತ್ರವೆಂದರೆ ಹೊತ್ತಿಗೆ ಸರಿಯಾಗಿ ಕಳಚುವ ಶಾಸ್ತ್ರ. ಕಳಚಿದ ವಸ್ತ್ರ ನಾಶವಾಗದು, ಒಂದು ಮೈ ಬಿಟ್ಟು ಇನ್ನೊಂದು ತೋಳನ್ನು ಆಶ್ರಯಿಸುತ್ತದೆ. ಹೊರಡುವಾಗ ಖಾಲಿ ಚೀಲವೊಂದನ್ನು ಬೆನ್ನಿಗೆ ಹಾಕಿಕೊಳ್ಳತಕ್ಕದ್ದು. ಮರೆತಲ್ಲಿ ಗೂಟದ ಕೆಲಸ ಗಂಡನ ಪಾಲಿಗೆ ಬರುತ್ತದೆ, ಅದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ.